ಜಾಲದ ವಿನ್ಯಾಸವೂ ಮನುಷ್ಯನ ನಡತೆಯೂ

ಹದಿನಾರು ವರ್ಷ ತುಂಬದ ಮಕ್ಕಳು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ ಎಂಬ ಕಾಯಿದೆಯನ್ನು ಆಸ್ಟ್ರೇಲಿಯಾದ ಸಂಸತ್ತು 2024ರ ನವೆಂಬರಿನಲ್ಲಿ ಅಂಗೀಕರಿಸಿತು. 2025ರ ಡಿಸೆಂಬರ್ 10ರಂದು ಅದು ಜಾರಿಗೆ ಬಂದಿತು. ಈ ಕಾಯಿದೆಯ ಪ್ರಕಾರ ನಿಯಮ ಮೀರಿದ್ದಕ್ಕೆ ದಂಡ ತೆರಬೇಕಾದವರು ಮಕ್ಕಳೂ ಅಲ್ಲ, ಹೆತ್ತವರೂ ಅಲ್ಲ. ಜಾಲತಾಣಗಳನ್ನು ನಡೆಸುವ ಕಂಪನಿಗಳು. ದಂಡದ ಮೊತ್ತ 4.95 ಕೋಟಿ ಆಸ್ಟ್ರೇಲಿಯನ್ ಡಾಲರುಗಳವರೆಗೂ ಏರಬಹುದು. ಅಂದಿನಿಂದ ನಮ್ಮ ದೇಶದಲ್ಲಿಯೂ, ನಮ್ಮ ಮನೆಗಳಲ್ಲಿಯೂ ಇದೇ ಪ್ರಶ್ನೆ ಕೇಳಿಬರುತ್ತಿದೆ: ಮಕ್ಕಳ ಕೈಗೆ ಮೊಬೈಲ್ ಫೋನನ್ನು ಯಾವ ವಯಸ್ಸಿನಲ್ಲಿ ಕೊಡಬೇಕು?

ಪ್ರಶ್ನೆ ಯೋಗ್ಯವಾದದ್ದೇ. ಆದರೆ ಅದು ಬಾಗಿಲಿನ ಪ್ರಶ್ನೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ಅದು ವಿಚಾರಿಸುತ್ತದೆ. ಒಳಗಿನ ಮನೆಯನ್ನು ಹೇಗೆ ಕಟ್ಟಲಾಗಿದೆ, ಅಲ್ಲಿ ಯಾರ ಕೋಣೆ ಯಾರ ಕೋಣೆಗೆ ತೆರೆದುಕೊಳ್ಳುತ್ತದೆ, ಒಂದು ಮಾತು ಎಷ್ಟು ವೇಗವಾಗಿ ಎಷ್ಟು ಜನರ ಕಿವಿಗೆ ಬೀಳುತ್ತದೆ ಎಂಬುದನ್ನು ಅದು ಕೇಳುವುದಿಲ್ಲ. ಹದಿನಾರು ತುಂಬಿದ ಮರುದಿನ ಆ ಹುಡುಗ ಅದೇ ಮನೆಯನ್ನೇ ಪ್ರವೇಶಿಸುತ್ತಾನೆ. ಅವನ ತಂದೆತಾಯಿಯರು ಈಗಾಗಲೇ ಅಲ್ಲಿ ವಾಸವಾಗಿದ್ದಾರೆ. ಆದುದರಿಂದ ಜಾಲದ ವಿನ್ಯಾಸವೇ ಮನುಷ್ಯನ ನಡತೆಯನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಇಂದು ಸ್ವಲ್ಪ ಆಳವಾಗಿ ಪರಿಶೀಲಿಸುವುದು ಉಚಿತ.

ಏಳು ಸೇತುವೆಗಳ ಪಾಠ

ಜಾಲಗಳ ಕುರಿತಾದ ಶಾಸ್ತ್ರ ಹುಟ್ಟಿದ್ದು ಒಂದು ಸರಳವಾದ ಒಗಟಿನಿಂದ. ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಹುಟ್ಟಿ ಬಾಳಿದ ಕೋನಿಗ್ಸ್‌ಬರ್ಗ್ ನಗರದಲ್ಲಿ (ಇಂದು ರಷ್ಯಾದ ಕಲಿನಿನ್‌ಗ್ರಾಡ್) ಪ್ರೇಗೆಲ್ ನದಿಗೆ ಏಳು ಸೇತುವೆಗಳಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಿಬರಲು ಸಾಧ್ಯವೇ ಎಂಬುದು ಅಲ್ಲಿನ ಜನರ ಕುತೂಹಲ. 1736ರ ಸುಮಾರಿಗೆ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದು ಅಸಾಧ್ಯವೆಂದು ಸಾಧಿಸಿ ತೋರಿಸಿದನು. ನಾಲ್ಕು ಭೂಭಾಗಗಳಲ್ಲಿ ಪ್ರತಿಯೊಂದಕ್ಕೂ ಬೆಸ ಸಂಖ್ಯೆಯ ಸೇತುವೆಗಳಿದ್ದುದೇ ಅದಕ್ಕೆ ಕಾರಣ. ನಡೆಯುವವನು ಎಷ್ಟೇ ಜಾಣನಿರಲಿ, ಎಷ್ಟೇ ಶ್ರಮಪಡಲಿ, ಸೇತುವೆಗಳ ಜೋಡಣೆ ಬದಲಾಗದೆ ಫಲಿತಾಂಶ ಬದಲಾಗುವುದಿಲ್ಲ.

ಈ ಪಾಠ ಬಹಳ ದೊಡ್ಡದು. ಸಮಾಜದಲ್ಲಿ ಕೇಡು ಕಂಡಾಗ ನಾವು ಸಾಮಾನ್ಯವಾಗಿ ವ್ಯಕ್ತಿಗಳ ಗುಣವನ್ನೇ ದೂರುತ್ತೇವೆ. ‘ಇಂದಿನ ಯುವಕರಿಗೆ ತಾಳ್ಮೆಯಿಲ್ಲ’, ‘ಜನರಿಗೆ ವಿವೇಚನೆಯಿಲ್ಲ’ ಎನ್ನುತ್ತೇವೆ. ಆದರೆ ಕೆಲವು ಕೇಡುಗಳು ನಡೆಯುವವರ ಕಾಲಿನಲ್ಲಿಲ್ಲ, ಸೇತುವೆಗಳ ಜೋಡಣೆಯಲ್ಲಿವೆ.

ಇದಕ್ಕೊಂದು ನಿದರ್ಶನವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ 1991ರಲ್ಲಿ ತೋರಿಸಿಕೊಟ್ಟರು. ಸರಾಸರಿ ಲೆಕ್ಕದಲ್ಲಿ ನಮ್ಮ ಗೆಳೆಯರಿಗೆ ನಮಗಿಂತ ಹೆಚ್ಚು ಗೆಳೆಯರಿರುತ್ತಾರೆ ಎಂಬುದು ಅವರ ಸಿದ್ಧಾಂತ. ಕೇಳಲು ವಿಚಿತ್ರವೆನಿಸಿದರೂ ಕಾರಣ ಸರಳ. ನೂರು ಗೆಳೆಯರಿರುವವನು ನೂರು ಮಂದಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಇಬ್ಬರೇ ಗೆಳೆಯರಿರುವವನು ಇಬ್ಬರ ಪಟ್ಟಿಯಲ್ಲಿ ಮಾತ್ರ. ಹೀಗಾಗಿ ಯಾರು ತಮ್ಮ ಸುತ್ತ ನೋಡಿದರೂ ಜನಪ್ರಿಯರೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತಾರೆ. 2011ರಲ್ಲಿ ಫೇಸ್‌ಬುಕ್ಕಿನ ಸುಮಾರು 72 ಕೋಟಿ ಬಳಕೆದಾರರ ಸಂಪರ್ಕಗಳನ್ನು ಸಂಶೋಧಕರು ಲೆಕ್ಕಹಾಕಿದಾಗ, ನೂರಕ್ಕೆ 93 ಮಂದಿಯ ಗೆಳೆಯರ ಸಂಖ್ಯೆ ಅವರ ಗೆಳೆಯರ ಸರಾಸರಿಗಿಂತ ಕಡಿಮೆಯಿದ್ದುದು ಕಂಡುಬಂತು.

‘ಎಲ್ಲರಿಗೂ ನನಗಿಂತ ಹೆಚ್ಚು ಸ್ನೇಹಿತರಿದ್ದಾರೆ, ನಾನೊಬ್ಬಳೇ ಯಾರಿಗೂ ಬೇಡವಾದವಳು’ ಎಂದು ಕೊರಗುವ ಹದಿಹರೆಯದ ಮಗಳಿಗೆ ಈ ಲೆಕ್ಕವನ್ನು ತಿಳಿಸಿ ಹೇಳುವ ತಾಯಿ ಅವಳಿಗೆ ನಿಜವಾದ ಉಪಕಾರ ಮಾಡುತ್ತಾಳೆ. ಅದು ಮಗಳ ಕೊರತೆಯಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಹಾಗೆ ತೋರುವುದು ಜಾಲದ ಜೋಡಣೆಯ ಗುಣ. ಹಿಂದೆಯೂ ಈ ಗುಣ ಇದ್ದೇ ಇತ್ತು. ಆದರೆ ಅಂದು ಯಾರ ಹಣೆಯ ಮೇಲೂ ಗೆಳೆಯರ ಸಂಖ್ಯೆಯನ್ನು ಬರೆದಿರುತ್ತಿರಲಿಲ್ಲ. ಇಂದು ಅದನ್ನು ಬರೆದು, ದಿನವಿಡೀ ಕಣ್ಣೆದುರು ಹಿಡಿಯಲಾಗಿದೆ.

ಬಿಗಿಯಾದ ಕೊಂಡಿ, ಸಡಿಲವಾದ ಕೊಂಡಿ

ಜಾಲದಲ್ಲಿ ಎಲ್ಲ ಕೊಂಡಿಗಳೂ ಒಂದೇ ಬಗೆಯವಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಬಾಸ್ಟನ್ ಸಮೀಪದ ನ್ಯೂಟನ್ ಪಟ್ಟಣದಲ್ಲಿ ಉದ್ಯೋಗ ಬದಲಿಸಿದ ಜನರನ್ನು ವಿಚಾರಿಸಿ, 1973ರಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ ನೂರಕ್ಕೆ 17ರಷ್ಟು ಮಂದಿಗೆ ಮಾತ್ರ ಆ ಸುದ್ದಿ ಪದೇ ಪದೇ ಭೇಟಿಯಾಗುವ ಆಪ್ತರಿಂದ ತಿಳಿದಿತ್ತು. ಉಳಿದವರಿಗೆ ಅದು ಬಂದದ್ದು ಅಪರೂಪಕ್ಕೊಮ್ಮೆ ಕಾಣಸಿಗುವ ಹಳೆಯ ಸಹೋದ್ಯೋಗಿ, ದೂರದ ಪರಿಚಿತ ಇಂತಹವರಿಂದ. ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಹೊಸದು ಬರುವುದು ಸಡಿಲವಾದ ಕೊಂಡಿಯ ಮೂಲಕವೇ. ಮಂಗಳೂರು, ಉಡುಪಿಗಳಿಂದ ಮುಂಬಯಿಗೂ ಅನಂತರ ಕೊಲ್ಲಿ ರಾಷ್ಟ್ರಗಳಿಗೂ ಹೋದ ನಮ್ಮ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಬ್ಬ ಊರಿನವನ ಪರಿಚಯದ ಪರಿಚಯದಿಂದ ಎಷ್ಟೋ ಮನೆಗಳ ಒಲೆ ಉರಿದಿದೆ.

2022ರಲ್ಲಿ ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕದ ತಾಣದ ಎರಡು ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು ಪ್ರಕಟವಾಯಿತು. ತೀರಾ ಆಪ್ತರಲ್ಲದ ಪರಿಚಿತರೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತಾರೆ ಎಂಬುದನ್ನು ಅದು ಮತ್ತೊಮ್ಮೆ ದೃಢಪಡಿಸಿತು. ಆದರೆ ಆ ಅಧ್ಯಯನ ಸಾಧ್ಯವಾದ ಬಗೆಯೇ ವಿಚಾರಾರ್ಹವಾಗಿದೆ. ‘ಇವರು ನಿಮಗೆ ಪರಿಚಿತರಿರಬಹುದು’ ಎಂದು ತಾಣವು ಮಾಡುವ ಸೂಚನೆಗಳನ್ನು ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ರೀತಿಯಲ್ಲಿ ಬದಲಿಸಿ ಅದನ್ನು ನಡೆಸಲಾಗಿತ್ತು. ನಾವು ಯಾರನ್ನು ಭೇಟಿಯಾಗುತ್ತೇವೆ ಎಂಬುದನ್ನು ಹಿಂದೆ ಸಂತೆ, ದೇವಾಲಯ, ಬಸ್ಸಿನ ನಿಲ್ದಾಣಗಳು ನಿರ್ಧರಿಸುತ್ತಿದ್ದವು. ಇಂದು ಒಂದು ಕಂಪನಿಯ ಲೆಕ್ಕಾಚಾರವೂ ನಿರ್ಧರಿಸಬಲ್ಲುದು.

ಬಿಗಿಯಾದ ಕೊಂಡಿಗಳಿಗೆ ಬೇರೊಂದು ಬಗೆಯ ಮಿತಿಯಿದೆ. ಅನೇಕ ಮಂದಿಯೊಡನೆ ಪೂರ್ಣಾರ್ಥದ ಸ್ನೇಹ ಅಸಾಧ್ಯ, ಏಕೆಂದರೆ ಸ್ನೇಹಕ್ಕೆ ಸಹವಾಸವೂ ಕಾಲವೂ ಬೇಕು ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ವಾದಿಸಿದ್ದಾನೆ. ಬ್ರಿಟಿಷ್ ವಿಜ್ಞಾನಿ ರಾಬಿನ್ ಡನ್‌ಬಾರ್ 1992ರಿಂದೀಚೆಗೆ ಇದಕ್ಕೆ ಸಂಖ್ಯೆಯ ರೂಪವನ್ನು ಕೊಟ್ಟರು. ಮನುಷ್ಯನು ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150. ಅದರೊಳಗೆ ಕಷ್ಟಕಾಲಕ್ಕೆ ಓಡಿಬರುವವರು ಐದಾರು ಮಂದಿ. 150 ಎಂಬ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಮಿತಿಯೊಂದಿದೆ ಎಂಬುದನ್ನು ಪ್ರತಿಯೊಬ್ಬರ ಅನುಭವವೂ ಸಾರುತ್ತದೆ. ವಾಟ್ಸ್‌ಆಪ್ ಗುಂಪಿನ ಸದಸ್ಯರ ಮಿತಿಯಾದರೋ 256 ಇದ್ದದ್ದು 2022ರಲ್ಲಿ 512ಕ್ಕೂ, ಅದೇ ವರ್ಷದಲ್ಲಿ 1024ಕ್ಕೂ ಏರಿತು. ಯಂತ್ರದ ಮಿತಿಯನ್ನು ಒಂದೇ ದಿನದಲ್ಲಿ ಇಮ್ಮಡಿಗೊಳಿಸಬಹುದು, ಹೃದಯದ ಮಿತಿಯನ್ನಲ್ಲ.

ಬೀದರಿನ ದುರಂತ

ಈ ಮಾತುಗಳೆಲ್ಲ ಕೇವಲ ಪಂಡಿತರ ಚರ್ಚೆಯೆಂದು ಭಾವಿಸುವವರು 2018ನೆಯ ಇಸವಿಯನ್ನು ನೆನಪಿಸಿಕೊಳ್ಳಬೇಕು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆ ವರ್ಷ ಭಾರತದ ಅನೇಕ ರಾಜ್ಯಗಳಲ್ಲಿ ಹಬ್ಬಿತು. ಅದರೊಡನೆ ಹರಿದಾಡಿದ ಒಂದು ವಿಡಿಯೊ, ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರದ ತುಣುಕು. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಕತ್ತರಿಸಿ, ಅಪಹರಣದ ಭಾಗವನ್ನು ಮಾತ್ರ ಉಳಿಸಲಾಗಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಉದ್ಯೋಗ ಅರಸಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರು ಹತರಾದರು. ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನ ಹತ್ಯೆಯಾಯಿತು.

ಪರಿಚಿತರ ಊರಿಗೆ ಬಂದಿದ್ದ ಆ ಯುವಕ ಮತ್ತು ಅವನ ಸಂಗಡಿಗರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅದನ್ನು ಕಂಡವರು ಸಂಶಯಪಟ್ಟರು. ಹೆದರಿ ಕಾರಿನಲ್ಲಿ ಹೊರಟವರಿಗಿಂತ ಮುಂಚೆಯೇ ವಾಟ್ಸ್‌ಆಪ್ ಸಂದೇಶ ಮುಂದಿನ ಊರನ್ನು ತಲುಪಿತ್ತು. ಅಲ್ಲಿ ಜನ ದಾರಿಗೆ ಅಡ್ಡ ನಿಂತಿದ್ದರು. ರಕ್ಷಿಸಲು ಮುಂದಾದ ಪೊಲೀಸರೂ ಗಾಯಗೊಂಡರು.

ಹಲ್ಲೆ ಮಾಡಿದವರ ಅಪರಾಧವನ್ನು ಯಾವ ವಿಶ್ಲೇಷಣೆಯೂ ತೊಡೆದುಹಾಕಲಾರದು. ಆದರೂ ಸಾಮಾನ್ಯ ರೈತರು, ಕೂಲಿಕಾರರು, ಮಕ್ಕಳ ತಂದೆಯರು ಅಷ್ಟು ಶೀಘ್ರವಾಗಿ ಅಷ್ಟು ದೃಢವಾಗಿ ನಂಬಿದ್ದು ಹೇಗೆ? ಉತ್ತರದ ಒಂದು ಭಾಗ ಜಾಲದ ಆಕಾರದಲ್ಲಿದೆ. ಹಳ್ಳಿಯ ಗುಂಪುಗಳಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು. ಒಂದೇ ಸಂದೇಶ ಸೋದರಮಾವನಿಂದ, ಪಕ್ಕದ ಮನೆಯವನಿಂದ, ಅಂಗಡಿಯವನಿಂದ, ಹಳೆಯ ಸಹಪಾಠಿಯಿಂದ ಹೀಗೆ ನಾಲ್ಕು ದಿಕ್ಕುಗಳಿಂದ ಒಬ್ಬನ ಫೋನಿಗೆ ಬರುತ್ತದೆ. ನಾಲ್ಕು ಮಂದಿ ಹೇಳಿದ್ದಾರೆ, ಆದುದರಿಂದ ನಿಜವಿರಬೇಕು ಎಂದು ಅವನ ಬುದ್ಧಿ ತೀರ್ಮಾನಿಸುತ್ತದೆ. ಆದರೆ ಅವರು ನಾಲ್ವರು ಸಾಕ್ಷಿಗಳಲ್ಲ. ಒಂದೇ ಸುಳ್ಳಿನ ನಾಲ್ಕು ಪ್ರತಿಧ್ವನಿಗಳು. ಸಾಕ್ಷಿಗಳು ಪರಸ್ಪರ ಸ್ವತಂತ್ರರಾಗಿರಬೇಕೆಂಬುದು ನ್ಯಾಯದ ಬಹು ಪ್ರಾಚೀನ ನಿಯಮ. ಹೆಣೆದುಕೊಂಡ ಜಾಲದಲ್ಲಿ ಆ ನಿಯಮ ನಮಗೆ ತಿಳಿಯದಂತೆಯೇ ಮುರಿದುಬೀಳುತ್ತದೆ.

ಇದು ಹಳ್ಳಿಯವರ ಅಜ್ಞಾನವೆಂದು ಪಟ್ಟಣದ ವಿದ್ಯಾವಂತರು ಮೂಗು ಮುರಿಯುವಂತಿಲ್ಲ. ಟ್ವಿಟರ್ ತಾಣದಲ್ಲಿ 2006ರಿಂದ 2017ರವರೆಗೆ ಸುಮಾರು 30 ಲಕ್ಷ ಜನ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಸುಳ್ಳು ಸುದ್ದಿಯನ್ನು ಜನ ಮರುಹಂಚುವ ಸಾಧ್ಯತೆ ನಿಜ ಸುದ್ದಿಗಿಂತ ನೂರಕ್ಕೆ 70ರಷ್ಟು ಹೆಚ್ಚಿತ್ತು. 1,500 ಜನರನ್ನು ತಲುಪಲು ಸತ್ಯಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಯಿತು. ಈ ವ್ಯತ್ಯಾಸಕ್ಕೆ ಯಂತ್ರಗಳು ಕಾರಣವಲ್ಲ, ಮನುಷ್ಯರೇ ಕಾರಣ ಎಂಬುದೂ ಅವರ ನಿರ್ಣಯ. ಸುಳ್ಳು ಹೆಚ್ಚು ಹೊಸದಾಗಿ, ಹೆಚ್ಚು ಬೆರಗಾಗಿ ಕಾಣಿಸುತ್ತದೆ. ಹೊಸದರ ಹಂಬಲ ಮನುಷ್ಯನಿಗೆ ಸಹಜ. ಆದರೆ ಆ ತಾಣದಲ್ಲಿ ಮೊದಲು ಇನ್ನೊಬ್ಬರ ಮಾತನ್ನು ಹಂಚಬೇಕಾದರೆ ಅದನ್ನು ಕೈಯಿಂದಲೇ ಪ್ರತಿಮಾಡಬೇಕಿತ್ತು. 2009ರಲ್ಲಿ ಅದಕ್ಕೆಂದೇ ಒಂದು ಗುಂಡಿ ಬಂತು. ಹಂಬಲ ಹಳೆಯದು, ಗುಂಡಿ ಹೊಸದು. ಯೋಚಿಸಲು ದೊರೆಯುತ್ತಿದ್ದ ಅರೆನಿಮಿಷದ ವಿರಾಮ ಅಲ್ಲಿಗೆ ಇಲ್ಲವಾಯಿತು.

ಮಿತಿಯೊಂದರ ಪರಿಣಾಮ

ವಿನ್ಯಾಸ ಕೆಡುಕನ್ನು ಹೆಚ್ಚಿಸಬಲ್ಲುದಾದರೆ ತಗ್ಗಿಸಲೂಬಲ್ಲುದು. 2018ರ ಜುಲೈಯಲ್ಲಿ ವಾಟ್ಸ್‌ಆಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡಲಾಗದಂತೆ ಮಿತಿ ಹೇರಿತು. ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ಗುರುತು ಹಾಕಿತು. 2019ರಲ್ಲಿ ಈ ಮಿತಿ ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲಿನಲ್ಲಿ, ಅದಾಗಲೇ ಅನೇಕ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಬಿಗಿಗೊಳಿಸಲಾಯಿತು. ಅದರ ಬಳಿಕ ಅಂತಹ ಸಂದೇಶಗಳು ನೂರಕ್ಕೆ 70ರಷ್ಟು ಇಳಿದವೆಂದು ಸಂಸ್ಥೆಯೇ ತಿಳಿಸಿತು.

ಇಲ್ಲಿ ಯಾರೂ ಯಾರ ಪತ್ರವನ್ನೂ ಒಡೆದು ಓದಲಿಲ್ಲ. ಯಾರ ಬಾಯಿಗೂ ಬೀಗ ಹಾಕಲಿಲ್ಲ. ಬಳಕೆದಾರರು ರಾತ್ರೋರಾತ್ರಿ ಸಜ್ಜನರೂ ಆಗಲಿಲ್ಲ. ಬದಲಾದದ್ದು ಸೇತುವೆಗಳ ಸಂಖ್ಯೆ ಮಾತ್ರ. ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಕಡಿಮೆಯಾದದ್ದು ಸಂದೇಶಗಳ ಓಟವೇ ಹೊರತು ಸುಳ್ಳಿನ ಪ್ರಮಾಣವೆಂದು ಸಿದ್ಧವಾಗಿಲ್ಲ; ಉಪಯುಕ್ತ ಸುದ್ದಿಯ ಓಟಕ್ಕೂ ಅದೇ ಕಡಿವಾಣ ಬಿತ್ತು. ಇಂತಹ ಮಿತಿಗಳು ಸುದ್ದಿ ಹರಡುವುದನ್ನು ಸಾಕಷ್ಟು ತಡಮಾಡುತ್ತವೆ, ಆದರೆ ಅತಿ ತೀವ್ರವಾಗಿ ಹರಡುವುದನ್ನು ತಡೆಯಲಾರವು ಎಂದು ಬ್ರೆಜಿಲ್ ಮತ್ತು ಅಮೆರಿಕದ ಸಂಶೋಧಕರು 2019ರಲ್ಲಿ ತೋರಿಸಿದರು. ಆದರೂ ತಡವೆಂಬುದು ಸಣ್ಣ ಲಾಭವಲ್ಲ. ಮುರ್ಕಿಯಲ್ಲಿ ಒಂದು ಗಂಟೆ ತಡವಾಗಿದ್ದರೆ ಪೊಲೀಸರ ದೊಡ್ಡ ಪಡೆ ಮೊದಲೇ ತಲುಪಬಹುದಿತ್ತು, ‘ಇವರು ನಮ್ಮ ಕಡೆಯ ಅತಿಥಿಗಳು’ ಎಂದು ಹೇಳಬಲ್ಲವರು ಮುಂದೆ ಬರಬಹುದಿತ್ತು.

ಹಾಗಾದರೆ ಮನುಷ್ಯನ ಸ್ವಾತಂತ್ರ್ಯವೆಲ್ಲಿ ಉಳಿಯಿತು ಎಂಬ ಪ್ರಶ್ನೆ ಏಳುವುದು ಸಹಜ. ವಿನ್ಯಾಸವೇ ಎಲ್ಲವನ್ನೂ ನಿರ್ಧರಿಸುವುದಾದರೆ ಪಾಪಪುಣ್ಯಗಳ ಮಾತೇ ವ್ಯರ್ಥವಲ್ಲವೇ? ಹಾಗಲ್ಲ. ವಿನ್ಯಾಸವು ನಮ್ಮನ್ನು ಬಲವಂತಪಡಿಸುವುದಿಲ್ಲ. ಒಂದು ಕಡೆಗೆ ವಾಲಿಸುತ್ತದೆ. ಅದೇ ಸಂದೇಶ ಪಡೆದು ಮುಂದಕ್ಕೆ ಕಳುಹಿಸದೆ ಬಿಟ್ಟವರೂ ಅದೇ ಊರುಗಳಲ್ಲಿದ್ದಿರಲೇಬೇಕು. ಒಳ್ಳೆಯತನ ರೂಢಿಯಿಂದ ಬೆಳೆಯುತ್ತದೆ, ಆದುದರಿಂದ ಒಳ್ಳೆಯ ರೂಢಿಗೆ ಅನುಕೂಲವಾದ ವ್ಯವಸ್ಥೆಯನ್ನು ಕಟ್ಟುವುದು ಶಾಸನಕಾರನ ಕರ್ತವ್ಯ ಎಂಬುದು ಅರಿಸ್ಟಾಟಲನ ನಿಲುವು. ಅಂದರೆ ಹೊಣೆ ಕಡಿಮೆಯಾಗುವುದಿಲ್ಲ, ವಿಸ್ತಾರವಾಗುತ್ತದೆ. ನಾನು ಏನು ಮಾಡಿದೆ ಎಂಬುದರ ಜತೆಗೆ, ನಾನು ಎಂತಹ ಜಾಲವನ್ನು ಕಟ್ಟಿದೆ, ಎಂತಹುದರಲ್ಲಿ ನನ್ನ ಮನೆಯವರನ್ನು ನಿಲ್ಲಿಸಿದೆ ಎಂಬುದಕ್ಕೂ ನಾನು ಉತ್ತರಿಸಬೇಕು.

ಕಾಯಿದೆ ಎಲ್ಲಿಯವರೆಗೆ?

ಈ ದೃಷ್ಟಿಯಿಂದ ನೋಡಿದಾಗ ಆಸ್ಟ್ರೇಲಿಯಾದ ಕಾಯಿದೆಗಿಂತ ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯಿದೆ ಸಮಸ್ಯೆಯ ಮೂಲಕ್ಕೆ ಹೆಚ್ಚು ಸಮೀಪವಾಗಿದೆ. 2024ರ ಫೆಬ್ರವರಿಯಿಂದ ಪೂರ್ಣವಾಗಿ ಅನ್ವಯವಾದ ಆ ಕಾಯಿದೆಯ ಪ್ರಕಾರ, ಬೃಹತ್ ಜಾಲತಾಣಗಳು ಬಳಕೆದಾರನ ಅಭಿರುಚಿಯನ್ನು ಬೇಹುಗಾರಿಕೆ ಮಾಡದೆ ವಿಷಯಗಳನ್ನು ತೋರಿಸುವ ಒಂದು ಆಯ್ಕೆಯನ್ನಾದರೂ ಕೊಡಲೇಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಹದಿನೆಂಟು ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ; ಮಕ್ಕಳ ನಡತೆಯನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ಗುರಿಯಿಡುವುದನ್ನು ನಿಷೇಧಿಸಿದೆ. ಅದರ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಯಿತು; ಮುಖ್ಯ ಕಟ್ಟುಪಾಡುಗಳ ಪಾಲನೆಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಇವು ಸ್ವಾಗತಾರ್ಹ ಹೆಜ್ಜೆಗಳು. ಆದರೆ ಯಾವ ಕಾಯಿದೆಯೂ ಒಂದು ಕುಟುಂಬದ ವಾಟ್ಸ್‌ಆಪ್ ಗುಂಪಿನೊಳಗೆ ಬಂದು ಕೂರಲಾರದು. ಅಲ್ಲಿ ಶಾಸನಕಾರರು ನಾವೇ.

ನಮ್ಮ ಮನೆ, ನಮ್ಮ ವಾಳೆ

ಮೊದಲನೆಯದಾಗಿ, ಕುಟುಂಬದ ಗುಂಪಿನಲ್ಲಿ ಸ್ವಂತ ಮಾತನ್ನು ಮಾತ್ರ ಬರೆಯುವುದೆಂಬ ಕಟ್ಟಳೆ ಮಾಡಿಕೊಳ್ಳಬಹುದು. ಅಜ್ಜಿಯ ಆರೋಗ್ಯ, ಮಕ್ಕಳ ಪರೀಕ್ಷೆ, ಊರಿನ ಮಳೆ ಇವೆಲ್ಲ ಬರಲಿ, ಫಾರ್ವರ್ಡ್ ಬೇಡ. ಒಂದು ತಿಂಗಳು ಹೀಗೆ ನಡೆಸಿದರೆ ಗುಂಪಿನಲ್ಲಿ ಮಾತು ಕಡಿಮೆಯಾದೀತು, ಮನುಷ್ಯರು ಹೆಚ್ಚು ಕಂಡಾರು.

ಎರಡನೆಯದಾಗಿ, ಕಳವಳಕಾರಿ ಸುದ್ದಿಯೊಂದು ಬಂದಾಗ ‘ಇದು ನಿಜವೇ?’ ಎಂದು ಕೇಳುವ ಮೊದಲು ‘ಇದು ನಿಮಗೆ ಯಾರಿಂದ ಬಂತು?’ ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸೋಣ. ಎಷ್ಟು ಮಂದಿ ಹೇಳಿದರು ಎಂಬುದು ಮುಖ್ಯವಲ್ಲ. ಸ್ವತಃ ಕಂಡವರು ಎಷ್ಟು ಮಂದಿ ಎಂಬುದು ಮುಖ್ಯ. ಅನ್ಯಧರ್ಮೀಯರ ಬಗ್ಗೆಯೋ ನಮ್ಮವರ ಮೇಲೆ ನಡೆದುದೆನ್ನಲಾದ ಅನ್ಯಾಯದ ಬಗ್ಗೆಯೋ ಬರುವ ಸಂದೇಶಗಳಿಗೆ ಇದು ಇಮ್ಮಡಿಯಾಗಿ ಅನ್ವಯಿಸುತ್ತದೆ.

ಮೂರನೆಯದಾಗಿ, ಸಡಿಲವಾದ ಕೊಂಡಿಗಳನ್ನು ಕಾಪಾಡಿಕೊಳ್ಳಬೇಕು. ಬೇರೆ ಸಮುದಾಯದ ನೆರೆಯವನೊಡನೆ ಹಬ್ಬದ ಸಿಹಿಯ ವಿನಿಮಯ, ಹಳೆಯ ಶಾಲೆಯ ಗೆಳೆಯನಿಗೊಂದು ಕರೆ, ಬೇರೆ ಭಾಷೆಯ ಬಾಡಿಗೆದಾರನೊಡನೆ ನಾಲ್ಕು ಮಾತು ಇವು ಕೇವಲ ಸೌಜನ್ಯವಲ್ಲ. ವದಂತಿಯ ದಿನ ‘ನಾನು ಅವರನ್ನು ಬಲ್ಲೆ, ಅವರು ಅಂಥವರಲ್ಲ’ ಎಂದು ಹೇಳಬಲ್ಲ ಒಬ್ಬನು ಪ್ರತಿ ಬೀದಿಯಲ್ಲೂ ಇರಬೇಕಾದರೆ ಅವನನ್ನು ಶಾಂತಿಯ ದಿನಗಳಲ್ಲೇ ಸಿದ್ಧಪಡಿಸಬೇಕು.

ಕೊನೆಯದಾಗಿ ನಮ್ಮ ಧರ್ಮಕೇಂದ್ರಗಳ ವಿಚಾರ. ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾಳೆ ಮತ್ತು ಗುರಿಕಾರರ ವ್ಯವಸ್ಥೆ ಬಹುಕಾಲದಿಂದ ನಡೆದುಬಂದಿದೆ. ಅದೂ ಒಂದು ಜಾಲವೇ. ಆದರೆ ಅಲ್ಲಿ ಜೊತೆಗಾರರನ್ನು ನಾವು ಆರಿಸಿಕೊಂಡಿಲ್ಲ. ಮನೆಗಳ ನೆರೆಯೇ ಶ್ರೀಮಂತನನ್ನೂ ಬಡವನನ್ನೂ, ಮುದುಕನನ್ನೂ ಯುವಕನನ್ನೂ ಒಂದೆಡೆ ಕೂರಿಸುತ್ತದೆ. ನಮ್ಮಂತೆಯೇ ಯೋಚಿಸುವವರನ್ನು ಮಾತ್ರ ನಮ್ಮೆದುರು ತಂದಿಡುವ ಜಾಲತಾಣಕ್ಕೆ ಇದು ಒಳ್ಳೆಯ ಮದ್ದು. ಜಾಲದಲ್ಲಿ ಸೇರಿದ ಮಾತ್ರಕ್ಕೆ ಸಮುದಾಯವಾಗುವುದಿಲ್ಲ ಎಂಬ ಎಚ್ಚರಿಕೆಯನ್ನು ದಿವಂಗತ ಜಗದ್ಗುರು ಫ್ರಾನ್ಸಿಸರು 2019ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ನೀಡಿದ್ದರು. ಇಂದು ಅನೇಕ ಕಡೆ ವಾಳೆಯ ಪ್ರಕಟಣೆಗಳೆಲ್ಲ ವಾಟ್ಸ್‌ಆಪಿನಲ್ಲೇ ಹೋಗುತ್ತಿವೆ. ಕೆಲಸ ಸುಲಭವಾಗಿದೆ, ಸಮಯ ಉಳಿದಿದೆ. ಆದರೆ ಸ್ಮಾರ್ಟ್‌ಫೋನ್ ಇಲ್ಲದ ವೃದ್ಧೆ ಆ ಪಟ್ಟಿಯಲ್ಲಿಲ್ಲ. ಹಿಂದೆ ಗುರಿಕಾರನು ಸುದ್ದಿ ಹೇಳಲು ಅವಳ ಅಂಗಳಕ್ಕೆ ಬಂದಾಗ ಸುದ್ದಿಯ ಜತೆಗೆ ಅವಳ ಜ್ವರವೂ, ಸೋರುವ ಮಾಡೂ, ಊರಿಗೆ ಬಾರದ ಮಗನೂ ಅವನ ಕಣ್ಣಿಗೆ ಬೀಳುತ್ತಿದ್ದವು. ಸಂದೇಶ ಮನೆಗೆ ತಲುಪಿಸುವ ದಾರಿಯೇ ಅವಳ ಕಷ್ಟ ನಮಗೆ ತಲುಪುವ ದಾರಿಯಾಗಿತ್ತು.

ಮುಂದಿನ ವಾಳೆಯ ಸಭೆಯಲ್ಲಿ ಒಂದು ಕೆಲಸವನ್ನು ಮಾಡಬಹುದು. ವಾಳೆಯ ಎಲ್ಲ ಮನೆಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು, ಕಳೆದ ಮೂರು ತಿಂಗಳಲ್ಲಿ ಯಾರೊಬ್ಬರೂ ಹೊಸ್ತಿಲು ದಾಟದ ಮನೆಗಳು ಯಾವುವೆಂದು ಗುರುತಿಸೋಣ. ನಮ್ಮ ಜಾಲ ಎಲ್ಲಿ ಹರಿದಿದೆಯೆಂಬುದನ್ನು ಆ ಹಾಳೆ ತೋರಿಸುತ್ತದೆ. ಅಲ್ಲಿಗೆ ಹೋಗಿ ಬರುವವರು ಯಾರು, ಯಾವ ದಿನ ಎಂಬುದನ್ನು ಸಭೆ ಮುಗಿಯುವುದರೊಳಗೆ ನಿರ್ಧರಿಸುವುದು ನಮ್ಮ ಕೈಯಲ್ಲೇ ಇದೆ.